ಭರಣಿ ಮಳೆ ಬಂತು, ಸಿಡಿಲು ಜೋಕೆ!

ಯುಗಾದಿ ಮುಗಿಯಿತು. ಹೊನ್ನಾರು ಕಟ್ಟಿದ್ದೂ ಆಯ್ತು. ಈಗ ನಾವೆಲ್ಲ ಮುಗಿಲು ನೋಡ್ತಾ ಕೂತಿದ್ದೇವೆ.

ನಮ್ಮ ಕೊಪ್ಪ ಮದ್ದೂರು ತಾಲ್ಲೂಕಿನ ಹೋಬಳಿ. ಕಬ್ಬು, ರಾಗಿ, ತೆಂಗು ನಮ್ಮ ಬದುಕು. ನಾಲೆ ನೀರು ಎಲ್ಲರ ಹೊಲಕ್ಕೂ ಬರುವುದಿಲ್ಲ. ಹೊಲದವರಿಗೆ ಮಳೆಯೇ ಗತಿ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಆ ವರ್ಷ ಸರ್ಕಾರ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಆ ಸಂಕಟ ನಮಗೆ ಮರೆತಿಲ್ಲ.

ಏಪ್ರಿಲ್ ನಡುವೆ ಅಶ್ವಿನಿ ಮಳೆ ಹುಟ್ಟುತ್ತದೆ. ಏಪ್ರಿಲ್ ಕೊನೆಗೆ ಭರಣಿ. ಆಮೇಲೆ ಕೃತ್ತಿಕೆ, ರೋಹಿಣಿ. ಭರಣಿ ಮಳೆ ಹುಯ್ದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ ಹಿರಿಯರು. ಭೂಮಿ ಹದವಾಗುತ್ತದೆ. ಎಳ್ಳು, ಅಲಸಂದೆ, ಹೆಸರು ಬಿತ್ತಬಹುದು. ಕೆರೆಕಟ್ಟೆಗೆ ಒಂದಿಷ್ಟು ನೀರು ಬರುತ್ತದೆ. ದನಗಳಿಗೆ ಹಸಿರು ಹುಲ್ಲು ಸಿಗುತ್ತದೆ.

ಆದರೆ ಈ ಮಳೆ ಸುಮ್ಮನೆ ಬರಲ್ಲ. ಬಿರುಗಾಳಿ, ಗುಡುಗು, ಸಿಡಿಲು ಜೊತೆಗೇ ಬರುತ್ತವೆ. ಒಮ್ಮೊಮ್ಮೆ ಆಲಿಕಲ್ಲೂ ಬೀಳುತ್ತದೆ. ಗೊನೆ ಬಿಟ್ಟ ಬಾಳೆ ಮುರಿದು ಬೀಳುತ್ತದೆ. ಮನೆಯ ಶೀಟು ಹಾರುತ್ತದೆ.

ಗುಡುಗು ಮಳೆ ಹೇಗೆ ಬರುತ್ತದೆ?

ಬೆಳಗಿನಿಂದ ಬಿಸಿಲು ಸುಡುತ್ತದೆ. ನೆಲ ಕಾಯುತ್ತದೆ. ನೆಲದ ಮೇಲಿನ ಗಾಳಿಯೂ ಕಾಯುತ್ತದೆ. ಕಾದ ಗಾಳಿ ಹಗುರ. ಅದು ಮೇಲಕ್ಕೆ ಏರುತ್ತದೆ. ಸಮುದ್ರದ ಕಡೆಯಿಂದ ಬಂದ ತೇವವೂ ಅದರ ಜೊತೆ ಏರುತ್ತದೆ. ಮೇಲೆ ತಣ್ಣಗಿದೆ. ಅಲ್ಲಿ ತೇವ ಹನಿಯಾಗಿ ಮೋಡ ಕಟ್ಟುತ್ತದೆ. ಈ ಮೋಡ 10 ಕಿಲೋಮೀಟರಿಗಿಂತ ಎತ್ತರ ಬೆಳೆಯಬಲ್ಲದು. ಹಗಲೆಲ್ಲ ನೆಲ ಕಾಯಬೇಕು ನೋಡಿ, ಅದಕ್ಕೇ ಈ ಮಳೆ ಹೆಚ್ಚಾಗಿ ಸಂಜೆ ಬರುತ್ತದೆ. ಒಂದೊಂದು ಮೋಡ ಒಂದೊಂದು ಕಡೆ ಕಟ್ಟುತ್ತದೆ. ಅದಕ್ಕೇ ಕೊಪ್ಪದಲ್ಲಿ ಹುಯ್ದ ಮಳೆ ಮದ್ದೂರಿನಲ್ಲಿ ಇರದೆ ಹೋಗಬಹುದು.

ಮೋಡದ ಒಳಗೆ ಮಂಜಿನ ಹರಳುಗಳು ಒಂದಕ್ಕೊಂದು ತಾಗುತ್ತವೆ. ಅದರಿಂದ ಕರೆಂಟು ಹುಟ್ಟುತ್ತದೆ. ಅದು ನೆಲಕ್ಕೆ ಹರಿದರೆ ಸಿಡಿಲು. ಅದರ ಕಾವಿಗೆ ಸುತ್ತಲಿನ ಗಾಳಿ ಒಮ್ಮೆಲೇ ಹಿಗ್ಗುತ್ತದೆ. ಆ ಸದ್ದೇ ಗುಡುಗು.

ಉತ್ತರ ಭಾರತದ ಬಯಲಿನಲ್ಲೂ ಬೇಸಿಗೆಯಲ್ಲಿ ಹೀಗೇ ಆಗುತ್ತದೆ. ಅಲ್ಲಿ ಮಳೆಗೆ ಮುಂಚೆ ಧೂಳಿನ ಬಿರುಗಾಳಿ ಏಳುತ್ತದೆ. 2018ರ ಮೇ ತಿಂಗಳಲ್ಲಿ ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಇಂಥ ಗಾಳಿಗೆ 100ಕ್ಕೂ ಹೆಚ್ಚು ಜನ ಸತ್ತರು. 2022ರಲ್ಲಿ ನಮ್ಮ ದೇಶದಲ್ಲಿ ಸಿಡಿಲಿಗೇ 2,887 ಜನ ಬಲಿಯಾದರು. ಹೊಲದಲ್ಲಿ ದುಡಿಯುವ ನಮ್ಮಂಥವರಿಗೇ ಈ ಅಪಾಯ ಹೆಚ್ಚು.

ಒಂದು ಸಂಜೆ

ಒಂದು ಸಂಜೆ ನಾವು ಹೊಲದಲ್ಲಿದ್ದೆವು. ಮೋಡ ಕಪ್ಪಾಯಿತು. ತಣ್ಣನೆ ಗಾಳಿ ಬೀಸಿತು. ಹನಿ ಬಿತ್ತು. ನಾವು ಹುಣಸೆ ಮರದಡಿಗೆ ಓಡಿದೆವು. ಪಕ್ಕದ ಹೊಲದ ಅಜ್ಜಿ ಕೂಗಿದರು: "ಏ ಮೊಗ, ಮರದಡಿ ನಿಂತ್ಕಬ್ಯಾಡ್ರಪ್ಪ! ಬಿರ್ರನೆ ಮನೆ ಕಡೆ ನಡೀರಿ. ನೆಂದ್ರೆ ಒಣಗ್ತೀರಿ, ಜೀವ ಹೋದ್ರೆ ಬಂದದಾ?"

ಅಜ್ಜಿ ಓದಿದವರಲ್ಲ. ಆದರೆ ಅವರ ಮಾತು ನಿಜ. ಸಿಡಿಲು ಎತ್ತರದ ಮರಕ್ಕೆ ಬೇಗ ಬಡಿಯುತ್ತದೆ. ಮರದಿಂದ ಪಕ್ಕದಲ್ಲಿ ನಿಂತವರಿಗೂ ಹಾರುತ್ತದೆ. ನೆಲದಲ್ಲೂ ಹರಡುತ್ತದೆ. ಮರದಡಿ ಕಟ್ಟಿದ ದನಗಳು ಸಾಯುವುದು ಇದರಿಂದಲೇ.

ನಾವು ಏನು ಮಾಡಬೇಕು?

1. ಮಿಂಚು ಕಂಡ ಕೂಡಲೇ ಎಣಿಸಿರಿ. 30 ಎಣಿಸುವ ಮುಂಚೆ ಗುಡುಗು ಕೇಳಿದರೆ ಅಪಾಯ ಹತ್ತಿರ ಇದೆ. ಕೂಡಲೇ ಗಟ್ಟಿ ಮನೆಯೊಳಗೆ ಹೋಗಿರಿ.
2. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಬರಬೇಡಿ.
3. ನಾಲೆ, ಕೆರೆ, ನೀರು ನಿಂತ ಗದ್ದೆಯಿಂದ ಹೊರಗೆ ಬನ್ನಿ. ತಂತಿ ಬೇಲಿ ಮುಟ್ಟಬೇಡಿ. ಪಂಪ್‌ಸೆಟ್ಟಿನ ಹತ್ತಿರ ಹೋಗಬೇಡಿ.
4. ಮೋಡ ಕಟ್ಟುವಾಗಲೇ ದನಗಳನ್ನು ಮರದಡಿಯಿಂದ ಬಿಚ್ಚಿ ಕೊಟ್ಟಿಗೆಗೆ ಹೊಡೆಯಿರಿ.
5. ಬಯಲಲ್ಲಿ ಸಿಕ್ಕಿಕೊಂಡರೆ ಗುಂಪಾಗಿ ನಿಲ್ಲಬೇಡಿ. ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಕಿವಿ ಮುಚ್ಚಿಕೊಳ್ಳಿ. ನೆಲದ ಮೇಲೆ ಮಲಗಬೇಡಿ.
6. ಕರೆಂಟು ತಂತಿ ಕಡಿದು ಬಿದ್ದಿದ್ದರೆ ಹತ್ತಿರ ಹೋಗಬೇಡಿ. 1912ಕ್ಕೆ ಫೋನ್ ಮಾಡಿ.

ಸಿಡಿಲು ಬಡಿದವರನ್ನು ಮುಟ್ಟಬಾರದು ಎಂದು ಕೆಲವರು ಹೆದರುತ್ತಾರೆ. ಇದು ತಪ್ಪು. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. ಕೂಡಲೇ 108ಕ್ಕೆ ಫೋನ್ ಮಾಡಿ. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈಯಿಟ್ಟು ಜೋರಾಗಿ, ಬೇಗ ಬೇಗ ಒತ್ತುತ್ತಾ ಇರಿ. ಹೀಗೆ ಜೀವ ಉಳಿದದ್ದುಂಟು.

ಜೀವಹಾನಿ, ದನಹಾನಿ ಆದರೆ ಪರಿಹಾರ ಕೇಳುವ ದಾರಿ ಇದೆ. ಗ್ರಾಮ ಆಡಳಿತ ಅಧಿಕಾರಿಗೆ, ತಾಲ್ಲೂಕು ಕಚೇರಿಗೆ ತಡಮಾಡದೆ ತಿಳಿಸಿ. ದನ ಸತ್ತರೆ ಪಶುವೈದ್ಯರಿಗೆ ತೋರಿಸದೆ ಹೂಳಬೇಡಿ. ಅರ್ಜಿ ನಾವೇ ಬರೆಯಬಹುದು. ಓದು ಕಲಿತದ್ದು ಇದಕ್ಕೂ ಅಲ್ಲವೇ?

ಮನೆಯಲ್ಲಿ ಮಕ್ಕಳ ಫೋನಿದ್ದರೆ 'ದಾಮಿನಿ' ಆ್ಯಪ್ ಹಾಕಿಸಿ. ನಮ್ಮ ಸುತ್ತಮುತ್ತ ಸಿಡಿಲಿನ ಅಪಾಯ ಇದೆಯೇ ಎಂದು ಅದು ತಿಳಿಸುತ್ತದೆ.

ಮಳೆ ಬರಲಿ. ಇಳೆ ತಣಿಯಲಿ. ನಾವೂ ಜೋಪಾನವಾಗಿರೋಣ.

ಹೊಸ ಪದಗಳು: ಸಿಡಿಲು, ಆಲಿಕಲ್ಲು, ಬಿರುಗಾಳಿ, ಪರಿಹಾರ, ಅರ್ಜಿ

ಓದಿ, ಉತ್ತರ ಹೇಳಿ
1. ಗುಡುಗು ಮಳೆ ಹೆಚ್ಚಾಗಿ ಸಂಜೆ ಬರುವುದು ಏಕೆ?
2. ಅಜ್ಜಿ ಏನೆಂದು ಕೂಗಿದರು? ಏಕೆ?
3. ಗುಡುಗಿನ ಸದ್ದು 1 ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಮಿಂಚಿ 12 ಸೆಕೆಂಡಿಗೆ ಗುಡುಗು ಕೇಳಿದರೆ ಸಿಡಿಲು ಎಷ್ಟು ದೂರದಲ್ಲಿದೆ?
4. ನಿಮ್ಮ ಮನೆಯ ದನ ಸಿಡಿಲಿಗೆ ಸತ್ತಿದೆ ಎಂದುಕೊಳ್ಳಿ. ತಹಶೀಲ್ದಾರರಿಗೆ 4 ಸಾಲಿನ ಅರ್ಜಿ ಬರೆಯಿರಿ.