ಬೀಗದ ಕೈ ಯಾರ ಹತ್ತಿರ?

ಸ್ವಸಹಾಯ ಸಂಘಗಳ ಪ್ರತಿನಿಧಿಗಳಿಗೆ ತರಬೇತಿ ಕೊಡುವ ಕೆಲಸದಲ್ಲಿ ಬಹಳ ವರ್ಷ ಇದ್ದವಳು ನಾನು. ಊರಿನ ನಾಯಕತ್ವವನ್ನು ಬೆಳೆಸುವುದು ತರಬೇತಿಯ ಕೊಠಡಿಗಿಂತ ಹೆಚ್ಚಾಗಿ ಸರದಿ, ಅಂದರೆ ಸಂಘದ ಕೆಲಸ ಒಬ್ಬರಿಂದ ಒಬ್ಬರಿಗೆ ತಿರುಗುವುದು, ಎಂಬುದು ಆ ಕೆಲಸ ನನಗೆ ಕಲಿಸಿದ ಪಾಠ. ನಮ್ಮ ರೂಢಿ ಬೇರೆಯೇ ಇದೆ. ಮಾತು ಬಲ್ಲವರನ್ನು, ನಾಲ್ಕಕ್ಷರ ಕಲಿತವರನ್ನು ಹುಡುಕಿ, ಮೂರು ದಿನ ಕೂರಿಸಿ, ಪ್ರಮಾಣಪತ್ರ ಕೊಟ್ಟು ಕಳಿಸುತ್ತೇವೆ. ಮುಂದಿದ್ದವರು ಇನ್ನೂ ಮುಂದೆ ಹೋಗುತ್ತಾರೆ, ಗೋಡೆಗೆ ಒರಗಿ ಕೂತವರು ಅಲ್ಲೇ ಉಳಿಯುತ್ತಾರೆ. ಹಾಗೆ ಆರಿಸಿದ ಒಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದರೆ, ಕಾಯಿಲೆ ಬಿದ್ದರೆ, ಗುಳೆ ಹೋದರೆ ಸಂಘವೇ ನಿಂತುಹೋಗುತ್ತದೆ. ಆರಿಸಿದವರಲ್ಲಿ ಕೊರತೆ ಇತ್ತೆಂದು ನಾನು ಹೇಳಲಾರೆ. ನಾವು ಒಬ್ಬರನ್ನೇ ಆರಿಸಿದ್ದು ತಪ್ಪು.

ಇದಕ್ಕೆ ಕರ್ನಾಟಕದಲ್ಲೇ ಹಳೆಯ ಪುರಾವೆ ಇದೆ. 1980ರ ದಶಕದ ನಡುವೆ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದವು. ಅಧಿಕಾರ ಕೆಲವೇ ಕೈಗಳಲ್ಲಿ ನಿಂತಿದ್ದರಿಂದ ಸದಸ್ಯರಿಗೆ ಸಂಘದ ಮೇಲೆ ನಂಬಿಕೆ ಉಳಿದಿರಲಿಲ್ಲ. ಆದರೆ ಪರಸ್ಪರ ನಂಬಿಕೆಯಿದ್ದವರು ಸಣ್ಣ ಸಣ್ಣ ಗುಂಪುಗಳಾಗಿ ಬಂದು ಸಾಲ ತೀರಿಸಲು ಸಿದ್ಧರಾದರು. ಹತ್ತರಿಂದ ಇಪ್ಪತ್ತು ಜನರ ಸಂಘ ಎಂಬ ಅಳತೆ ಬೆಳೆದದ್ದು ಇಂಥ ಅನುಭವದಿಂದ. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಮೈರಾಡಕ್ಕೆ ಹತ್ತು ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ ದೇಶದ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಆರಂಭಿಸಿತು. ಈ ಕಥೆಯನ್ನು ಸಾಮಾನ್ಯವಾಗಿ ಸಾಲದ ಕಥೆಯಾಗಿ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಮೊದಲು ನಾಯಕತ್ವದ ಕಥೆ. ಇಪ್ಪತ್ತು ಜನ ಸುತ್ತ ಕೂತಾಗ ಯಾರೂ ಯಾರ ಬೆನ್ನ ಹಿಂದೆಯೂ ಅಡಗಲಾರರು. ಅಧ್ಯಕ್ಷೆ ಎನ್ನದೆ ಪ್ರತಿನಿಧಿ ಎಂದು ಕರೆದದ್ದೂ ಸಣ್ಣ ವಿಷಯವಲ್ಲ. ಪ್ರತಿನಿಧಿ ಸಂಘದ ಮಾತನ್ನು ಹೊತ್ತು ಹೋಗುವವಳು, ಅದನ್ನು ಬದಲಿಸುವ ಹಕ್ಕು ಅವಳಿಗಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ 1989ರಲ್ಲಿ ಕರ್ನಾಟಕಕ್ಕೆ ಬಂದ ಮಹಿಳಾ ಸಮಾಖ್ಯಾ ಎಂಬ ಮಹಿಳಾ ಶಿಕ್ಷಣ ಕಾರ್ಯಕ್ರಮ ಇದೇ ಸತ್ಯವನ್ನು ಇನ್ನೊಂದು ದಾರಿಯಲ್ಲಿ ತೋರಿಸಿತು. ಅಲ್ಲಿ ಗುರಿ ಮುಟ್ಟುವ ಅವಸರವಿರಲಿಲ್ಲ. ಕೆಲವು ಹಳ್ಳಿಗಳಿಗೆ ಸಹಯೋಗಿನಿ ಎಂಬ ಒಬ್ಬ ಕಾರ್ಯಕರ್ತೆ ಇದ್ದಳು; ಅವಳು ಹೋಗಿ ಕೂತು ಮಾತಾಡುತ್ತಿದ್ದಳು, ತೀರ್ಮಾನ ಸಂಘದ್ದು. ನೀರು, ಅಂಗನವಾಡಿ, ಕೂಲಿಯಂಥ ವಿಷಯಗಳನ್ನು ಹಿಡಿದು ಕಚೇರಿಗೆ ಹೋಗಿಬಂದ ಹೆಂಗಸರು ಮುಂದೆ ಪಂಚಾಯಿತಿ ಚುನಾವಣೆಗೂ ನಿಂತರು. ಭಾಷಣ ಕಲಿತು ಕಚೇರಿಗೆ ಹೋದವರಲ್ಲ ಅವರು. ಕಚೇರಿಗೆ ಹೋಗಿಹೋಗಿ ಮಾತು ಕಲಿತರು.

ಸರದಿ ಎಂದ ಕೂಡಲೇ ಬರುವ ಮೊದಲ ಆಕ್ಷೇಪ ಲೆಕ್ಕದ್ದು. ಓದು ಬಾರದವರ ಕೈಗೆ ನಡಾವಳಿ ಪುಸ್ತಕ, ನಗದು ಪುಸ್ತಕ ಕೊಟ್ಟರೆ ಗತಿಯೇನು? ಪ್ರಶ್ನೆ ನ್ಯಾಯವಾದದ್ದು. ಆದರೆ ಬರೆಯುವುದು ಒಂದು ಕೆಲಸ, ಸಭೆ ನಡೆಸುವುದು ಇನ್ನೊಂದು. ಬರೆಯಲು ಪುಸ್ತಕ ಬರಹಗಾರರು ಇರಲಿ. ಉಳಿತಾಯ ಎಷ್ಟಾಯಿತು, ಯಾರ ಕಂತು ಬಾಕಿ, ಈ ವಾರ ಸಾಲ ಯಾರಿಗೆ ಎಂಬುದನ್ನು ಅಕ್ಷರ ಬಾರದವಳೂ ಬಾಯಲ್ಲೇ ಹೇಳಬಲ್ಲಳು. ಚೀಟಿ ಕಟ್ಟಿ, ಕೈಸಾಲ ತೀರಿಸಿ, ಸಂತೆಯಲ್ಲಿ ಚೌಕಾಸಿ ಮಾಡಿ ಬದುಕು ನಡೆಸುವವರಿಗೆ ಲೆಕ್ಕ ಹೊಸದಲ್ಲ. ಬರೆದದ್ದನ್ನು ಸಭೆಯಲ್ಲೇ ಗಟ್ಟಿಯಾಗಿ ಓದಿಸಿದರೆ ಆಯಿತು. ಹಾಗೆ ಓದದ ಸಂಘದಲ್ಲಿ, ಅಕ್ಷರ ಬಲ್ಲ ಒಬ್ಬಳೇ ಎಲ್ಲವನ್ನೂ ಬಲ್ಲವಳಾಗುತ್ತಾಳೆ. ನಾನು ಹೆದರುವುದು ಅದಕ್ಕೆ.

ಬ್ಯಾಂಕಿನ ಸಹಿ ಪದೇ ಪದೇ ಬದಲಾದರೆ ತೊಂದರೆ ಎಂಬ ಮಾತೂ ನಿಜ. ಪ್ರತಿ ಬಾರಿ ಠರಾವು, ಗುರುತಿನ ಪತ್ರ, ಓಡಾಟ. ಹಾಗಾಗಿ ಸಹಿ ಎರಡು ವರ್ಷಕ್ಕೊಮ್ಮೆ ಬದಲಾಗಲಿ. ಸಭೆ ನಡೆಸುವ ಸರದಿ ವಾರವಾರವೂ, ಬ್ಯಾಂಕಿಗೆ ಜೊತೆಗೆ ಹೋಗುವ ಸರದಿ ಪ್ರತಿ ಸಲವೂ ತಿರುಗಲಿ. ಆಗ ಸಹಿ ಬದಲಿಸುವ ಕಾಲ ಬರುವಷ್ಟರಲ್ಲಿ ಕೆಲಸ ಬಲ್ಲವರು ಐದಾರು ಮಂದಿ ಇರುತ್ತಾರೆ. ನಿಧಾನವಾಗುತ್ತದೆ, ಒಪ್ಪುತ್ತೇನೆ. ಒಬ್ಬಳೇ ಬೇಗ ಮುಗಿಸಿದ ಕೆಲಸವನ್ನು ಮುಂದೆ ಎಲ್ಲರೂ ಕೂಡಿ ಬಿಡಿಸಬೇಕಾಗಿ ಬರುವುದನ್ನು ಲೆಕ್ಕಕ್ಕೆ ಹಿಡಿದರೆ ಈ ನಿಧಾನ ದುಬಾರಿಯಲ್ಲ.

ನನಗೆ ಸುಲಭ ಉತ್ತರ ಸಿಗದ ಆಕ್ಷೇಪವೂ ಒಂದಿದೆ: ಸ್ವಯಂಸೇವೆಯ ಹೆಸರಲ್ಲಿ ಬಡ ಹೆಂಗಸರ ದುಡಿಮೆಯನ್ನು ಪುಕ್ಕಟೆ ಬಳಸುತ್ತಿದ್ದೇವಲ್ಲವೇ? ಹೌದು, ಎಷ್ಟೋ ಕಡೆ ಬಳಸುತ್ತಿದ್ದೇವೆ. ಕೂಲಿ ಬಿಟ್ಟು ಬಂದವಳಿಗೆ ಬಸ್ಸಿನ ಚಾರ್ಜು ಮಾತ್ರ ಕೊಟ್ಟರೆ ಮುಂದಿನ ತರಬೇತಿಗೆ ಅವಳು ಬರುವುದಿಲ್ಲ. ಕೂಲಿ ಬಿಡುವ ಅಗತ್ಯವಿಲ್ಲದವಳು ಬರುತ್ತಾಳೆ. ಹೀಗೆ ನಾಯಕತ್ವ ಸದ್ದಿಲ್ಲದೆ ಜಾತಿ, ಜಮೀನು ಇದ್ದವರ ಪಾಲಾಗುತ್ತದೆ. ಆದ್ದರಿಂದ ಆ ದಿನದ ಕೂಲಿಯನ್ನು ಯೋಜನೆಯೇ ತುಂಬಿಕೊಡಬೇಕು, ಸಭೆಯ ಹೊತ್ತನ್ನು ಕೂಲಿಯವರೇ ಗೊತ್ತುಮಾಡಬೇಕು. ಸರದಿಯೂ ಇಲ್ಲಿ ನೆರವಿಗೆ ಬರುತ್ತದೆ: ಹೊರೆ ಹಂಚಿಹೋಗುತ್ತದೆ, ಒಬ್ಬಳ ಬೆನ್ನು ಮುರಿಯುವುದಿಲ್ಲ.

ಸಂಘದಲ್ಲಿರುವ ಅಕ್ಕತಂಗಿಯರಿಗೆ ನನ್ನದೊಂದು ಕೋರಿಕೆ. ಮುಂದಿನ ವಾರದ ಸಭೆಯಲ್ಲಿ ಸಂಘದ ಹಣದ ಪೆಟ್ಟಿಗೆಯ ಬೀಗದ ಕೈ ಎಷ್ಟು ತಿಂಗಳಿಂದ ಯಾರ ಹತ್ತಿರ ಇದೆ ಎಂದು ಕೇಳಿ. ಇದುವರೆಗೆ ಒಂದು ಸಲವೂ ಅದನ್ನು ಹಿಡಿಯದವರ ಕೈಗೆ ಅವತ್ತೇ ಕೊಡಿ.