ಬೈಕಿಗೆ ಎಲ್‌ಇಡಿ ಹೆಡ್‌ಲೈಟು: ಕೊಳ್ಳುವ ಮುನ್ನ ತಿಳಿಯಬೇಕಾದುದು

ಸಂಘದ ಕಚೇರಿಗೆ ಬರುವ ಸದಸ್ಯರು ಗೊಬ್ಬರ, ಮೈಲುತುತ್ತದ ಮಾತು ಮುಗಿಸಿದ ಮೇಲೆ ಈಗೀಗ ಹೆಚ್ಚಾಗಿ ಕೇಳುವ ಪ್ರಶ್ನೆಯೊಂದಿದೆ: ಬೈಕಿಗೆ ಎಲ್‌ಇಡಿ ಬಲ್ಬು ಹಾಕಿಸಬಹುದೇ, ಹಾಕಿಸುವುದಾದರೆ ಯಾವುದು? ಇದು ತೋಟದ ವಿಷಯವಲ್ಲವೆಂದು ತಳ್ಳಿಹಾಕುವಂತಿಲ್ಲ. ರಾತ್ರಿ ಕರೆಂಟು ಬಂದ ಹೊತ್ತಿಗೆ ಪಂಪು ಹಾಕಲು ಹೋಗುವವರು ನಾವು, ಕತ್ತಲಾದ ಮೇಲೆ ಪೇಟೆಯಿಂದ ಮರಳುವವರೂ ನಾವೇ. ಮೂಡಿಗೆರೆ, ಸಕಲೇಶಪುರದ ಕಡೆಯವರಿಗಂತೂ ತಿರುವಿನಾಚೆ ಆನೆ ನಿಂತಿದೆಯೇ ಎಂಬುದನ್ನು ಹೆಡ್‌ಲೈಟೇ ತೋರಿಸಬೇಕು.

ಮೊದಲು ಈಗಿರುವ ಹ್ಯಾಲೊಜೆನ್ ದೀಪದ ರಚನೆಯನ್ನು ತಿಳಿಯೋಣ. ನಮ್ಮಲ್ಲಿ ಓಡುವ ಸಾಮಾನ್ಯ ಬೈಕುಗಳಲ್ಲಿರುವುದು 35 ವಾಟಿನ ಬಲ್ಬು. ದೊಡ್ಡ ಬೈಕುಗಳಲ್ಲಿ 60/55 ವಾಟಿನದು. ಒಳಗೆ ಎರಡು ಫಿಲಮೆಂಟುಗಳು, ಒಂದು ಬ್ರೈಟಿಗೆ, ಇನ್ನೊಂದು ಡಿಮ್ಮಿಗೆ. ಡಿಮ್ ಫಿಲಮೆಂಟಿನ ಕೆಳಗೆ ಸಾಮಾನ್ಯವಾಗಿ ಲೋಹದ ಒಂದು ಪುಟ್ಟ ಬಟ್ಟಲು ಇರುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬೀಳದಂತೆ ಅದು ತಡೆಯುವುದರಿಂದಲೇ, ಎದುರು ಬರುವವನ ಕಣ್ಣಿಗೆ ಮೇಲೆದ್ದು ಹೊಡೆಯಬೇಕಾದ ಬೆಳಕು ಹೊರಗೆ ಬರುವುದಿಲ್ಲ. ಬಲ್ಬು ಬೆಳಕನ್ನು ಕೊಡುತ್ತದೆ ಅಷ್ಟೆ. ಅದು ರಸ್ತೆಯ ಯಾವ ಭಾಗಕ್ಕೆ ಬೀಳಬೇಕೆಂಬುದನ್ನು ತೀರ್ಮಾನಿಸುವುದು ರಿಫ್ಲೆಕ್ಟರು. ಫಿಲಮೆಂಟು ತನ್ನ ಜಾಗದಿಂದ ಒಂದೆರಡು ಮಿಲಿಮೀಟರು ಸರಿದರೂ ರಿಫ್ಲೆಕ್ಟರಿನ ಲೆಕ್ಕ ತಪ್ಪುತ್ತದೆ.

ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬುಗಳ ದೋಷವೆಲ್ಲ ಬಹುಮಟ್ಟಿಗೆ ಇಲ್ಲಿಯೇ. ಮೂರು ನಾಲ್ಕು ಮುಖಗಳಲ್ಲಿ ಹತ್ತಾರು ಚಿಪ್ಪುಗಳನ್ನು ಅಂಟಿಸಿದ ಬಲ್ಬು ಎಲ್ಲ ದಿಕ್ಕಿಗೂ ಬೆಳಕು ಚೆಲ್ಲುತ್ತದೆ. ಮರದ ತುದಿ, ಧರೆ, ಬೈಕಿನ ಮುಂದಿನ ನಾಲ್ಕು ಮಾರು ನೆಲ ಬೆಳ್ಳಗಾಗಿ ಕಂಡು ಸವಾರನಿಗೆ ಸಂತೋಷವಾಗುತ್ತದೆ. ಆದರೆ ಹತ್ತಿರದ ನೆಲ ಅತಿಯಾಗಿ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನಷ್ಟು ಕತ್ತಲಾಗುವುದೇ ಹೊರತು ಬೇರೇನಲ್ಲ. ಎದುರು ಬರುವವರ ಪಾಡು ಹೇಳುವುದೇ ಬೇಡ. ನಮ್ಮಂತೆ ಐವತ್ತು ದಾಟಿದವರ ಕಣ್ಣು ಒಮ್ಮೆ ಕೋರೈಸಿದರೆ ಮತ್ತೆ ಸರಿಯಾಗಲು ಹೆಚ್ಚು ಹೊತ್ತು ಬೇಕು. ರಸ್ತೆಯಂಚಿನಲ್ಲಿ ನಡೆದು ಮನೆಗೆ ಹೋಗುವವರು ನಮ್ಮ ತೋಟದ ಆಳುಗಳೇ ಆಗಿರುತ್ತಾರೆ.

ಆದುದರಿಂದ ಎಲ್‌ಇಡಿಯನ್ನೇ ಆರಿಸುವುದಾದರೆ, ತೆಳುವಾದ ಹಲಗೆಯ ಎರಡು ಬದಿಗಳಲ್ಲಿ ಮಾತ್ರ ಚಿಪ್ಪುಗಳಿದ್ದು, ಅವು ಹಳೆಯ ಫಿಲಮೆಂಟು ಇದ್ದ ಜಾಗದಲ್ಲೇ ಕೂಡುವಂಥದ್ದನ್ನು ನೋಡಬೇಕು. ಡಿಮ್ಮಿನ ಚಿಪ್ಪಿನ ಕೆಳಗೆ ಆ ಲೋಹದ ಬಟ್ಟಲೂ ಇರಬೇಕು. ಹಳೆಯ ಬಲ್ಬನ್ನು ಪಕ್ಕದಲ್ಲಿ ಹಿಡಿದು ನೋಡಿದರೆ ಇದು ಯಾರಿಗೂ ತಿಳಿಯುತ್ತದೆ. ಜರ್ಮನಿಯಲ್ಲಿ ಇಂತಹ ಬದಲಿ ಬಲ್ಬಿಗೆ 2020ರಲ್ಲಿ ಮೊದಲ ಅನುಮತಿ ದೊರೆತಾಗ, ಪರೀಕ್ಷಿಸಿದ ವಾಹನದ ಮಾದರಿಗಳಿಗೆ ಮಾತ್ರ ಅದನ್ನು ಸೀಮಿತಗೊಳಿಸಿದರು. ಬಲ್ಬು ಮತ್ತು ರಿಫ್ಲೆಕ್ಟರು ಜೋಡೆತ್ತಿನಂತೆ. ಒಂದನ್ನು ಬಿಟ್ಟು ಇನ್ನೊಂದನ್ನು ಪರೀಕ್ಷಿಸಲಾಗದು. ಎಲ್‌ಇಡಿಗೆಂದೇ ತಯಾರಾದ ಪೂರ್ಣ ಹೆಡ್‌ಲೈಟನ್ನು ಬೈಕಿನ ಕಂಪೆನಿಯೇ ಮಾರುತ್ತಿದ್ದರೆ, ಬೆಲೆ ಹೆಚ್ಚಾದರೂ ಅದೇ ಮೇಲು.

ಇನ್ನು ಡಬ್ಬಿಯ ಮೇಲಿನ ಅಂಕಿಗಳು. ಬೆಳಕನ್ನು ಲ್ಯೂಮೆನ್ ಎಂಬ ಮಾನದಲ್ಲಿ ಅಳೆಯುತ್ತಾರೆ. 60/55 ವಾಟಿನ ಹ್ಯಾಲೊಜೆನ್ನು ಬ್ರೈಟಿನಲ್ಲಿ ಸುಮಾರು 1650, ಡಿಮ್ಮಿನಲ್ಲಿ ಸುಮಾರು 1000 ಲ್ಯೂಮೆನ್ ಕೊಡುತ್ತದೆ. 35 ವಾಟಿನದು ಇದರ ಸುಮಾರು ಅರ್ಧ. ಇಂತಹ ಎಲ್‌ಇಡಿ ಬಲ್ಬು ಒಂದು ವಾಟಿಗೆ ನೂರರ ಆಸುಪಾಸು ಕೊಟ್ಟರೆ ಒಳ್ಳೆಯದೆನ್ನಬೇಕು. ಹೀಗಿರುವಾಗ 20 ವಾಟಿನ ಬಲ್ಬಿನ ಮೇಲೆ 20,000 ಲ್ಯೂಮೆನ್ ಎಂದು ಬರೆದಿದ್ದರೆ ಗೋಣಿಚೀಲದಲ್ಲಿ ಹತ್ತು ಕ್ವಿಂಟಾಲು ಅಡಿಕೆ ಇದೆ ಎಂದಂತೆ! ಅಂತಹ ಡಬ್ಬಿಯನ್ನು ಅಲ್ಲಿಯೇ ಇಟ್ಟುಬರುವುದು ಲೇಸು.

ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಬಹಳ ದೊಡ್ಡವಾದುದರಿಂದ ಅವು ಬಣ್ಣ ನೋಡದೆ ಎಲ್ಲ ಬೆಳಕನ್ನೂ ಚದುರಿಸುತ್ತವೆ. ಚಾರ್ಮಾಡಿಯ ಮಂಜಿನಲ್ಲಿ ಉಪಕಾರಕ್ಕೆ ಬರುವುದು ಮೇಲೇಳದ ಡಿಮ್ ಬೆಳಕು ಮತ್ತು ಕಡಿಮೆ ವೇಗ. ಆದರೂ 6000 ಕೆಲ್ವಿನ್ ದಾಟಿದ ನೀಲಿಛಾಯೆಯ ಬೆಳಕು ಎದುರಿನವರ ಕಣ್ಣಿಗೆ ಹೆಚ್ಚು ಚುಚ್ಚುತ್ತದೆ; ಅದಕ್ಕಿಂತ ಕಡಿಮೆಯದನ್ನೇ ಕೇಳಿ.

ಹಳೆಯ ಅನೇಕ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯಿಂದಲ್ಲ, ಮ್ಯಾಗ್ನೆಟ್ಟಿನಿಂದ ನೇರವಾಗಿ ಎಸಿ ಕರೆಂಟು ಹೋಗುತ್ತದೆ. ಎಂಜಿನ್ ನಿಧಾನವಾದಾಗ ದೀಪ ಮಂಕಾಗಿ, ಆಕ್ಸಿಲರೇಟರ್ ತಿರುಗಿಸಿದಾಗ ಬೆಳಗಿದರೆ ನಿಮ್ಮದು ಆ ಬಗೆಯದು. ಡಿಸಿ ಕರೆಂಟಿಗೆ ಮಾಡಿದ ಎಲ್‌ಇಡಿ ಅದರಲ್ಲಿ ಮಿನುಗುತ್ತದೆ, ಬೇಗ ಸುಟ್ಟೂ ಹೋಗುತ್ತದೆ. ಎಸಿಗೂ ಹೊಂದುವ ಬಲ್ಬನ್ನೇ ಕೇಳಿ ತರಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಹ್ಯಾಲೊಜೆನ್ನಿನ ಬಿಸಿಗೆ ಹೆಡ್‌ಲೈಟಿನ ಗಾಜಿನೊಳಗಿನ ತೇವ ಆರುತ್ತಿತ್ತು. ಎಲ್‌ಇಡಿಯ ಬಿಸಿ ಹಿಂಬದಿಗೆ ಹೋಗುವುದರಿಂದ ಮಳೆಗಾಲದಲ್ಲಿ ಗಾಜಿನ ಒಳಗೆ ಹಬೆ ಕೂರುತ್ತದೆ. ಹಿಂದಿನ ರಬ್ಬರು ಮುಚ್ಚಳ ಸರಿಯಾಗಿ ಕೂರದಿದ್ದರೆ ನೀರೂ ಒಳಸೇರುತ್ತದೆ. ಫ್ಯಾನು ಇರುವ ಬಲ್ಬಿನಲ್ಲಿ ಕೆಸರು ಸೇರಿ ಫ್ಯಾನು ನಿಂತರೆ ಬಲ್ಬಿನ ಆಯುಸ್ಸು ಮುಗಿದಂತೆಯೇ.

ಇಷ್ಟಕ್ಕೂ ಹೊಸದು ಬೇಕೇ ಎಂಬುದನ್ನು ಮೊದಲು ವಿಚಾರಿಸಬೇಕು. ಬ್ಯಾಟರಿಯಿಂದ ಉರಿಯುವ ಹ್ಯಾಲೊಜೆನ್ನಿಗೆ ಹತ್ತರಲ್ಲಿ ಒಂದು ಪಾಲು ವೋಲ್ಟೇಜು ಕಡಿಮೆಯಾದರೆ ಬೆಳಕು ಸುಮಾರು ಮೂರರಲ್ಲೊಂದು ಪಾಲು ಕುಗ್ಗುತ್ತದೆ. ಕಿಲುಬು ಹಿಡಿದ ಹೋಲ್ಡರು, ಸಡಿಲವಾದ ಅರ್ತು ವೈರು, ಮಸುಕಾದ ಗಾಜು ಇವನ್ನು ಸರಿಪಡಿಸಿ, ಒಳ್ಳೆಯ ರಿಲೇ ಹಾಕಿಸಿದರೆ ಅನೇಕರಿಗೆ ಎಲ್‌ಇಡಿಯ ಆಸೆಯೇ ಬಿಟ್ಟುಹೋದೀತು. ಎಷ್ಟು ಬೆಳಕಿದ್ದರೂ ಗಂಟೆಗೆ 60 ಕಿಲೋಮೀಟರಿನಲ್ಲಿ ಒದ್ದೆ ರಸ್ತೆಯ ಮೇಲೆ ನಿಲ್ಲಲು 60 ಮೀಟರು ಬೇಕು, 40ರಲ್ಲಿ ಸುಮಾರು 32 ಮೀಟರು ಸಾಕು.

ದುಡ್ಡು ಕೊಡುವ ಮುನ್ನ ಸಂಜೆ ಹೊತ್ತು ಸಮನೆಲದಲ್ಲಿ ಗೋಡೆಯಿಂದ 5 ಮೀಟರು ದೂರ ಬೈಕು ನಿಲ್ಲಿಸಿ, ಒಬ್ಬರು ಮೇಲೆ ಕುಳಿತು ಡಿಮ್ ಹಾಕಿ. ಬೆಳಕಿನ ಮೇಲಂಚು ಸ್ಪಷ್ಟವಾಗಿ ಕಾಣಬೇಕು, ಹೆಡ್‌ಲೈಟಿನ ಮಧ್ಯಕ್ಕಿಂತ ಕನಿಷ್ಠ 5 ಸೆಂಟಿಮೀಟರು ಕೆಳಗಿರಬೇಕು. ಅಂಚೇ ಇಲ್ಲದೆ ಗೋಡೆಯೆಲ್ಲ ಬೆಳಗಿದರೆ ಆ ಬಲ್ಬು ಬೇಡ. ಹಿಂದೆ ಮೂಟೆ ಕಟ್ಟಿದಾಗ ಹೆಡ್‌ಲೈಟು ಮೇಲೇಳುವುದರಿಂದ, ಮೂಟೆಯನ್ನಿಟ್ಟೂ ಒಮ್ಮೆ ನೋಡಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 8 ಮೀಟರು ಮುಂದೆ, 1.5 ಮೀಟರು ಎತ್ತರದಲ್ಲಿರುವ ಕಣ್ಣನ್ನು ಬೆಳಕು ಕೋರೈಸಬಾರದು. 2024ರ ಜುಲೈಯಲ್ಲಿ ನಮ್ಮ ರಾಜ್ಯದ ಪೊಲೀಸರು ಇಂತಹ ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆ ನಡೆಸಿ ದಂಡ ಹಾಕಿದ್ದು ಹಲವರಿಗೆ ನೆನಪಿರಬಹುದು.

ವೈರು ಕತ್ತರಿಸದೆ ಹಳೆಯ ಸಾಕೆಟ್ಟಿಗೇ ಕೂಡುವ ಬಲ್ಬನ್ನು ಆರಿಸಿ. ಕತ್ತರಿಸಿದರೆ ವಾರಂಟಿಗೆ ತಕರಾರು ಬರುತ್ತದೆ. ತೆಗೆದ ಹ್ಯಾಲೊಜೆನ್ ಬಲ್ಬನ್ನು ಎಸೆಯದೆ, ಗಾಜಿಗೆ ಬರಿಗೈ ತಾಗಿಸದೆ ಬಟ್ಟೆಯಲ್ಲಿ ಸುತ್ತಿ ಟೂಲ್ ಬಾಕ್ಸಿನಲ್ಲಿಡಿ. ನಡುದಾರಿಯಲ್ಲಿ ಎಲ್‌ಇಡಿ ಕೈಕೊಟ್ಟ ದಿನ ಅದೇ ಮನೆ ಮುಟ್ಟಿಸುತ್ತದೆ.