ಮನೆ ಮತ್ತು ನೆರೆ

ಎರಡನೆಯ ಮಹಾಯುದ್ಧ ಮುಗಿದು ಮರಳಿದ ಅಮೆರಿಕದ ಯೋಧರಿಗೆ ನೆಲೆಸಲು ಸಾಕಷ್ಟು ಮನೆಗಳಿರಲಿಲ್ಲ. ಆಗ, 1947ರಲ್ಲಿ, ನ್ಯೂಯಾರ್ಕ್ ನಗರದ ಪೂರ್ವಕ್ಕಿರುವ ನಸ್ಸಾವು ಕೌಂಟಿಯ ಆಲೂಗೆಡ್ಡೆಯ ಹೊಲಗಳಲ್ಲಿ ಲೆವಿಟ್ ಮನೆತನದ ಸಂಸ್ಥೆಯು ಲೆವಿಟ್‌ಟೌನ್ ಎಂಬ ಬಡಾವಣೆಯನ್ನು ಕಟ್ಟತೊಡಗಿತು. ಕೆಲಸವನ್ನು ಹಲವು ಹಂತಗಳಾಗಿ ವಿಂಗಡಿಸಿ, ಒಂದೊಂದು ತಂಡಕ್ಕೆ ಒಂದೊಂದನ್ನು ವಹಿಸಿದ್ದರಿಂದ ವೆಚ್ಚ ತಗ್ಗಿತು. 1951ರ ವೇಳೆಗೆ 17,000ಕ್ಕೂ ಹೆಚ್ಚು ಮನೆಗಳು ಎದ್ದು ನಿಂತವು. ಸರ್ಕಾರದ ಭರವಸೆಯುಳ್ಳ ಸಾಲದಿಂದ ಸಾಮಾನ್ಯ ದುಡಿಮೆಗಾರನೂ ಮನೆಯೊಡೆಯನಾದನು. ಆಟದ ಬಯಲು, ಈಜುಕೊಳ, ಅಂಗಡಿ ಸಾಲುಗಳು ನೆರೆಹೊರೆಯವರನ್ನು ಒಂದುಗೂಡಿಸಿದವು.

ಆದರೆ ಕರಿಯರಿಗೆ ಆ ಬಾಗಿಲು ತೆರೆಯಲಿಲ್ಲ. ಮನೆಯಾಳುಗಳ ಹೊರತು, ಬಿಳಿಯರಲ್ಲದವರು ಅಲ್ಲಿ ವಾಸಿಸಕೂಡದೆಂದು ಮೊದಲ ಕರಾರುಗಳಲ್ಲಿಯೇ ಬರೆದಿತ್ತು. ದೇಶಕ್ಕಾಗಿ ಹೋರಾಡಲು ಅರ್ಹನಾದವನು ನೆರೆಯವನಾಗಲು ಅನರ್ಹನಾದನು! ಇಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿಗೊಳಿಸಲಾಗದೆಂದು 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ತೀರ್ಪಿತ್ತಿತು. 1968ರ ಕಾಯಿದೆಯು ಮನೆಗಳ ಮಾರಾಟದಲ್ಲಿ ವರ್ಣಭೇದವನ್ನು ನಿಷೇಧಿಸಿತು. ಅಷ್ಟರಲ್ಲಿ ಬೆಲೆಗಳು ಬಹಳ ಏರಿದ್ದವು. ಮೊದಲು ಕೊಂಡವರ ಮಕ್ಕಳಿಗೆ ಆ ಏರಿಕೆಯೇ ಆಸ್ತಿಯಾಯಿತು. ಹೊರಗುಳಿದವರ ಮಕ್ಕಳಿಗೆ ಅದೇ ಗೋಡೆಯಾಯಿತು. ಕಾನೂನು ಬಾಗಿಲನ್ನು ತೆರೆಸಬಲ್ಲದು. ಕಳೆದುಹೋದ ಇಪ್ಪತ್ತು ವರ್ಷಗಳನ್ನು ಮರಳಿ ಕೊಡಲಾರದು.